ತೆಳು ಪದರದ ಕುಣಿಕೆ ಅಗಲವಾಗುವುದೇಕೆ?

ಪ್ರಶ್ನೆ: ಹಿಂದೆ ಮುಂದೆ ಬದಲಾಗುವ ಕಾಂತಕ್ಷೇತ್ರದ ಆವರ್ತನ ಹೆಚ್ಚಿಸಿದಂತೆ ಕಾಂತೀಯ ತೆಳು ಪದರದ ಹಿಸ್ಟರಿಸಿಸ್ ಕುಣಿಕೆ (ಕ್ಷೇತ್ರಕ್ಕೆ ತಕ್ಕಂತೆ ಕಾಂತತೆ ಬದಲಾಗುವುದನ್ನು ತೋರಿಸುವ ನಕ್ಷೆಯ ಮುಚ್ಚಿದ ಗೆರೆ) ಅಗಲವಾಗುತ್ತದೆ. ಬದಲಾಗುವ ಕ್ಷೇತ್ರ ಲೋಹದೊಳಗೆ ಹುಟ್ಟಿಸುವ ಸುತ್ತು ಪ್ರವಾಹ, ಅಂದರೆ ಸುಳಿ ವಿದ್ಯುತ್ತೇ ಕಾರಣವಲ್ಲವೇ?

ಅಲ್ಲ. ಕಲಬುರಗಿಯಲ್ಲಿ ನನ್ನ ಪ್ರಯೋಗಾಲಯಕ್ಕೆ ಬರುವ ಪ್ರತಿ ತಂಡಕ್ಕೂ ಇದನ್ನೇ ಹೇಳುತ್ತೇನೆ. ಪರೀಕ್ಷೆಯಲ್ಲಿ ಮತ್ತೆ ಸುಳಿ ವಿದ್ಯುತ್ತನ್ನೇ ಬರೆಯುತ್ತಾರೆ. ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಈ ನಂಬಿಕೆಯ ಮೂಲ ಓಣಿಯ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್. ಅದರ ಕಬ್ಬಿಣದ ತಿರುಳು ಸುಳಿ ವಿದ್ಯುತ್ತಿನಿಂದ ಬಿಸಿಯೇರುತ್ತದೆ. ಅದಕ್ಕೆಂದೇ ತಿರುಳನ್ನು ಸುಮಾರು 0.3 ಮಿಲಿಮೀಟರ್ ದಪ್ಪದ ತಗಡುಗಳನ್ನು ಪೇರಿಸಿ ಮಾಡುತ್ತಾರೆ. ಅಲ್ಲಿ ಆ ಮಾತು ಸರಿ. ಆದರೆ ಸುಳಿ ನಷ್ಟ ದಪ್ಪದ ವರ್ಗವನ್ನು ಅನುಸರಿಸುತ್ತದೆ. 30 ನ್ಯಾನೊಮೀಟರ್ ಪದರವು ಆ ತಗಡಿಗಿಂತ 10,000 ಪಟ್ಟು ತೆಳು. ಉಳಿದೆಲ್ಲ ಒಂದೇ ಇದ್ದರೆ, ಒಂದೇ ಗಾತ್ರದ ಲೋಹದಲ್ಲಿ ನಷ್ಟ 10 ಕೋಟಿ ಪಟ್ಟು ಕಡಿಮೆ! ಹತ್ತಾರು ಹರ್ಟ್ಸ್‌ನಲ್ಲೇ ಕಾಣುವ ಅಗಲಿಕೆಯನ್ನು ಇಷ್ಟು ಚಿಕ್ಕ ನಷ್ಟದ ತಲೆಗೆ ಕಟ್ಟುವುದು ಹೇಗೆ?

ನಿಜವಾದ ಕಾರಣ ಸಮಯ. ಪದರದೊಳಗೆ ಕಾಂತೀಯ ವಲಯಗಳಿವೆ (ಪ್ರತಿ ವಲಯದೊಳಗೆ ಕಾಂತತೆ ಒಂದೇ ದಿಕ್ಕಿಗಿರುತ್ತದೆ), ಅವುಗಳ ನಡುವಿನ ಗೋಡೆಗಳು ಲೋಹದ ದೋಷಗಳಿಗೆ ಸಿಕ್ಕಿಕೊಂಡಿರುತ್ತವೆ. ಮಳೆ ನಿಂತ ಮರುದಿನ ತೊಗರಿ ಹೊಲದ ಎರೆಮಣ್ಣಿನಲ್ಲಿ ಕಾಲಿಟ್ಟವರಿಗೆ ಇದು ಗೊತ್ತು: ನಿಧಾನವಾಗಿ ಎತ್ತಿದರೆ ಮಣ್ಣು ಬಿಟ್ಟುಕೊಡುತ್ತದೆ, ಗಡಬಡಿಸಿ ಎಳೆದರೆ ಚಪ್ಪಲಿ ಒಳಗೇ ಉಳಿಯುತ್ತದೆ. ಪದರದಲ್ಲಿ ಗೋಡೆಯನ್ನು ಬಿಡಿಸಲು ನೆರವಾಗುವುದು ಶಾಖದ ಅಲುಗಾಟ. ಕ್ಷೇತ್ರ ನಿಧಾನವಾಗಿ ಬದಲಾದರೆ ಆ ಅಲುಗಾಟಕ್ಕೆ ಸಾಕಷ್ಟು ಅವಕಾಶ ಸಿಗುತ್ತದೆ, ಗೋಡೆ ಕಡಿಮೆ ಕ್ಷೇತ್ರಕ್ಕೇ ಜಾರುತ್ತದೆ. ವೇಗ ಹೆಚ್ಚಿದರೆ ಕಾಯಲು ಪುರಸೊತ್ತಿಲ್ಲ. ಹೆಚ್ಚು ಕ್ಷೇತ್ರವನ್ನೇ ಕೊಡಬೇಕು. ಕಾಂತತೆಯನ್ನು ಸೊನ್ನೆಗಿಳಿಸುವ ವಿರುದ್ಧ ಕ್ಷೇತ್ರ, ಅಂದರೆ ಕೋಯರ್ಸಿವಿಟಿ, ಹೀಗೆ ಏರುತ್ತದೆ, ಕುಣಿಕೆಯೂ ಅಗಲವಾಗುತ್ತದೆ. ಕಡಿಮೆ ಆವರ್ತನದಲ್ಲಿ ಈ ಏರಿಕೆ ಬಹಳ ಮೆಲ್ಲಗೆ, ಹೆಚ್ಚಿನ ಆವರ್ತನದಲ್ಲಿ ಕಡಿದಾಗಿ.

ಆದರೆ ಕುಣಿಕೆ ಹಿಗ್ಗುತ್ತಲೇ ಹೋಗುತ್ತದೆ ಎಂದುಕೊಳ್ಳಬೇಡಿ. ಕ್ಷೇತ್ರದ ಗರಿಷ್ಠ ಮಟ್ಟವನ್ನು ಬದಲಿಸದೆ ಆವರ್ತನವನ್ನಷ್ಟೇ ಏರಿಸುತ್ತಾ ಹೋದರೆ, ಒಂದು ಹಂತದ ನಂತರ ಪದರದ ಕಾಂತತೆ ಪೂರ್ತಿ ತಿರುಗಲಾರದು. ಆಗ ಕುಣಿಕೆ ಕುಗ್ಗಿ, ಒಂದು ಬದಿಗೆ ಸರಿದ ಸಣ್ಣ ಮೊಟ್ಟೆಯಂತಾಗುತ್ತದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಕೋಷ್ಟಕದಲ್ಲಿ ಅಚ್ಚಾದ ಕೋಯರ್ಸಿವಿಟಿ ಯಾವ ವೇಗದಲ್ಲಿ ಅಳೆದದ್ದು? ಹಾರ್ಡ್ ಡಿಸ್ಕ್ ನೋಡಿ. ಬರೆಯುವ ಹೆಡ್‌ಗೆ ಒಂದು ಬಿಟ್ ತಿರುಗಿಸಲು ಸಿಗುವುದು ನ್ಯಾನೊಸೆಕೆಂಡಿನ ಆಸುಪಾಸಿನ ಸಮಯ. ಅದೇ ಬಿಟ್ ಹತ್ತು ವರ್ಷ, ಅಂದರೆ 30 ಕೋಟಿಗೂ ಹೆಚ್ಚು ಸೆಕೆಂಡು, ತಾನಾಗಿ ತಿರುಗದೆ ಉಳಿಯಬೇಕು. ನಿಮಿಷಗಟ್ಟಲೆ ನಿಧಾನವಾಗಿ ಅಳೆದ ಅಂಕಿಯನ್ನೇ ನಂಬಿ ಹೆಡ್ ರೂಪಿಸಿದರೆ, ಬರೆಯಬೇಕಾದ ಕ್ಷಣದಲ್ಲಿ ಬಿಟ್ ತಿರುಗದೇ ಹೋಗಬಹುದು.