ಹಳೆಯ ಎಂಜಿಬಿಗೆ ಯಾವ ಬ್ರೇಕು?

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರುಗಳ ಸಂಖ್ಯೆ 5 ಲಕ್ಷ ದಾಟಿತ್ತು. ಹಾಗಾಗಿ ಇವತ್ತಿಗೂ ಅದರ ಬಿಡಿಭಾಗಗಳಿಗೆ ಬರವಿಲ್ಲ. ಬ್ರೇಕ್ ಬದಲಿಸಲು ಹೊರಟವರಿಗೆ ತಲೆನೋವು ಆಯ್ಕೆಯದ್ದೇ: ತೂತು ಕೊರೆದ ಡಿಸ್ಕು, ನಾಲ್ಕು ಪಿಸ್ಟನ್ನಿನ ಕ್ಯಾಲಿಪರು (ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ), ರೇಸಿಂಗ್ ಪ್ಯಾಡು. ದುಡ್ಡು ಬಿಚ್ಚಿದರೆ ಎಲ್ಲವೂ ಸಿಗುತ್ತವೆ. ಕಾರು ಬೇಗ ನಿಲ್ಲುತ್ತದೆಯೇ ಎನ್ನುವುದು ಬೇರೆ ಮಾತು.

ಎಂಜಿಬಿಗೆ ಮುಂದೆ 10.75 ಇಂಚಿನ ಡಿಸ್ಕ್, ಹಿಂದೆ 10 ಇಂಚಿನ ಡ್ರಮ್. ಚಕ್ರ ಲಾಕ್ ಆಗಲು, ಅಂದರೆ ತಿರುಗದೆ ಬಿಗಿದು ನಿಲ್ಲಲು, ಇಷ್ಟೇ ಸಾಕು. ಅಲ್ಲಿಂದಾಚೆಗೆ ಎಲ್ಲವೂ ಟೈರಿನ ಹಿಡಿತಕ್ಕೆ ಬಿಟ್ಟದ್ದು. ದೊಡ್ಡ ಬ್ರೇಕಿನ ನಿಜವಾದ ಲಾಭ ಇರುವುದು ಶಾಖ ತಡೆದುಕೊಳ್ಳುವುದರಲ್ಲಿ. ಒಂದು ಟನ್ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ನಿಂತರೆ ಸುಮಾರು 386 ಕಿಲೋಜೂಲ್ ಚಲನಶಕ್ತಿ ಬಹುಪಾಲು ಬ್ರೇಕಿನಲ್ಲೇ ಶಾಖವಾಗುತ್ತದೆ. ಅದರ ಶೇ. 70ರಷ್ಟು ಮುಂದಿನ ಡಿಸ್ಕುಗಳಿಗೆ ಹೋಯಿತು, ಎರಡೂ ಸೇರಿ 10 ಕಿಲೋ ಎರಕದ ಕಬ್ಬಿಣ ಎಂದುಕೊಳ್ಳಿ. ಆಗ ಅವು ಬಿಸಿಯೇರುವುದು 60 ಡಿಗ್ರಿ ಸೆಲ್ಸಿಯಸ್‌ನಷ್ಟು. ಭಾನುವಾರದ ಸುತ್ತಾಟಕ್ಕೆ ಇದೇನೂ ಹೆಚ್ಚಲ್ಲ. ಆರಲು ಬಿಡದೆ ಮತ್ತೆ ಮತ್ತೆ ತುಳಿಯುವ ರೇಸ್ ಟ್ರ್ಯಾಕಿನಲ್ಲಿ ಶಾಖ ಮೇಲಿಂದ ಮೇಲೆ ಏರುತ್ತದೆ. ರೇಸಿಂಗ್ ಪ್ಯಾಡ್ ಮಾಡಿರುವುದು ಅದಕ್ಕೆ. ಅದು ಬಿಸಿಯಾಗದೆ ಸರಿಯಾಗಿ ಕಚ್ಚುವುದಿಲ್ಲ. ಮನೆ ಬಿಟ್ಟು ಮೊದಲ ಸಿಗ್ನಲ್ ತಲುಪುವಷ್ಟರಲ್ಲಿ ಅದೆಲ್ಲಿ ಬಿಸಿಯಾಗಬೇಕು?

ಇನ್ನೂ ಮೋಸದ ಭಾಗವೆಂದರೆ ಮಾಸ್ಟರ್ ಸಿಲಿಂಡರ್, ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ಒತ್ತುವ ಸಿಲಿಂಡರ್. ಮುಕ್ಕಾಲು ಇಂಚಿನ ಬೋರ್ (ಒಳವ್ಯಾಸ) ಇರುವುದನ್ನು ತೆಗೆದು 7/8 ಇಂಚಿನದು ಹಾಕಿದರೆ ಪೆಡಲ್ ಗಟ್ಟಿಯಾಗುತ್ತದೆ, ಸ್ವಲ್ಪವೇ ಕೆಳಗಿಳಿಯುತ್ತದೆ. ‘ಬ್ರೇಕ್ ಈಗ ಸೂಪರ್’ ಎಂದು ಮಾಲೀಕರು ಹಿಗ್ಗುತ್ತಾರೆ. ಆದರೆ ಪಿಸ್ಟನ್ನಿನ ವಿಸ್ತೀರ್ಣ ಹೆಚ್ಚಿರುವುದರಿಂದ, ಅಷ್ಟೇ ಬಲವಾಗಿ ತುಳಿದರೂ ಆಯಿಲಿನ ಒತ್ತಡ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿರುತ್ತದೆ. ಹಿಂದಿನ ಚಕ್ರದ ಡ್ರಮ್ಮಿನೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ಬೋರ್ ಹೆಚ್ಚಿಸುವುದು ಇದಕ್ಕಿಂತ ಅಪಾಯ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ. ಹಗುರವಾದ ಹಿಂದಿನ ಚಕ್ರಗಳು ಮೊದಲು ಲಾಕ್ ಆದರೆ ಕಾರು ಗಿರ್ರನೆ ತಿರುಗಿಬಿಡಬಹುದು.

ನನ್ನನ್ನು ಕೇಳಿದರೆ ಅಳತೆಗಳೆಲ್ಲ ಮೂಲದವೇ ಇರಲಿ, ದುಡ್ಡು ರಬ್ಬರಿಗೆ ಹೋಗಲಿ. ಬ್ರೇಕ್ ಆಯಿಲ್ ಒಯ್ಯುವ ಹಳೆಯ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಊದಿಕೊಂಡು ದಾರಿ ಕಟ್ಟಿರುತ್ತದೆ. ತುಳಿದಾಗ ಆಯಿಲ್ ಹೇಗೋ ನುಗ್ಗುತ್ತದೆ, ಕಾಲು ತೆಗೆದರೆ ವಾಪಸ್ ಬರುವುದಿಲ್ಲ. ಕ್ಯಾಲಿಪರ್ ಹಿಡಿದುಕೊಂಡೇ ಇರುತ್ತದೆ, ಬೈಗುಳ ಮಾತ್ರ ಪಿಸ್ಟನ್ನಿಗೆ! ‘ಹಳೇ ಸ್ಟಾಕ್, ಒರಿಜಿನಲ್’ ಎಂದು ಮಾರುವ ಹೋಸ್‌ಗಳೂ ಬೇಡ. ಡಬ್ಬಿಯಲ್ಲಿಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ.

ಬ್ರೇಕ್ ಆಯಿಲ್ ಕೂಡ ಹಾಗೆಯೇ. ಡಾಟ್ 4 ದರ್ಜೆಯ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಇರಬೇಕಾದ ಕುದಿಬಿಂದು, ನೀರು ಸೇರಿದ ಮೇಲೆ 155ರ ಸುಮಾರಿಗೆ ಇಳಿಯಬಹುದು. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಡ್ರಮ್ ಬಿಚ್ಚುವಾಗ ಧೂಳನ್ನು ಮಾತ್ರ ಗಾಳಿ ಹೊಡೆದು ಊದಬೇಡಿ. ಬ್ರಿಟನ್ 1999ರಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಕಲ್ನಾರನ್ನು (ಆಸ್ಬೆಸ್ಟಾಸ್) ನಿಷೇಧಿಸುವ ಮುಂಚಿನ ಲೈನರುಗಳಲ್ಲಿ, ಅಂದರೆ ಡ್ರಮ್ಮಿಗೆ ಉಜ್ಜುವ ಪದರಗಳಲ್ಲಿ, ಅದು ಇರಬಹುದು. ಒದ್ದೆ ಮಾಡಿ ಒರೆಸುವುದೇ ಸರಿ. ಹೊಸ ಲೈನರಿನ ಘರ್ಷಣೆ ಹಳೆಯದರಷ್ಟೇ ಇರುತ್ತದೆಂಬ ನಂಬಿಕೆಯಿಲ್ಲ. ಆದ್ದರಿಂದ ಎಡಕ್ಕೆ ಹಾಕಿದ್ದನ್ನೇ ಬಲಕ್ಕೂ ಹಾಕಬೇಕು, ಇಲ್ಲದಿದ್ದರೆ ಕಾರು ಒಂದು ಕಡೆಗೆ ಎಳೆಯುತ್ತದೆ.