ಸೇವಾ ವಲಯ ಬೆಳೆಯಿತು ಅಂದರೆ ಬೆಳೆದದ್ದು ಏನು?

ಮೂರು ತಿಂಗಳಿಗೊಮ್ಮೆ ಜಿಡಿಪಿ ಲೆಕ್ಕ ಹೊರಬಿದ್ದಾಗ ಪೇಪರಿನಲ್ಲಿ ಒಂದು ಸಾಲು ಖಾಯಂ: ಸೇವಾ ವಲಯ ಚೆನ್ನಾಗಿ ಬೆಳೆದಿದೆ. ನಾನು ದಾವಣಗೆರೆಯಲ್ಲಿ ಸಿಎ ಪ್ರಾಕ್ಟೀಸ್ ಮಾಡುವವನು. ನನ್ನ ಹತ್ತಿರ ಲೆಕ್ಕ ಬರೆಸುವವರಲ್ಲಿ ಮುಕ್ಕಾಲು ಪಾಲು ಈ ವಲಯದವರೇ. ಹೋಟೆಲ್, ಲ್ಯಾಬ್, ಟ್ಯೂಷನ್ ಸೆಂಟರ್, ಲಾರಿ ಟ್ರಾನ್ಸ್‌ಪೋರ್ಟ್, ಬ್ಯೂಟಿ ಪಾರ್ಲರ್, ಸೆಕ್ಯುರಿಟಿ ಏಜೆನ್ಸಿ, ಜೊತೆಗೆ ಪುಟ್ಟ ಸಾಫ್ಟ್‌ವೇರ್ ಕಂಪನಿ. "ಸರ್, ದೇಶ ಇಷ್ಟೊಂದು ಬೆಳೀತಿದೆ ಅಂತಾರಲ್ಲ, ನಮ್ಮ ಕೈಗೆ ಯಾಕೆ ಏನೂ ಸಿಗ್ತಿಲ್ಲ?" ಅಂತ ಕೇಳದವರು ಕಡಿಮೆ.

ಪ್ರಶ್ನೆ ಸರಿಯಾಗಿಯೇ ಇದೆ. ಒಟ್ಟು ಎಷ್ಟಾಯಿತು ಅನ್ನುವುದು ಬೆಳವಣಿಗೆ. ದುಡಿದ ತಲೆಗೆ ಎಷ್ಟು ಬಿತ್ತು ಅನ್ನುವುದು ಉತ್ಪಾದಕತೆ. ಪೇಪರಿನಲ್ಲಿ ಬರುವುದು ಮೊದಲನೆಯದು, ಇವರು ಕೇಳುತ್ತಿರುವುದು ಎರಡನೆಯದು.

ದೊಡ್ಡ ಲೆಕ್ಕ ಮೊದಲು ನೋಡಿಬಿಡೋಣ. 2024-25ರ ಆರ್ಥಿಕ ಸಮೀಕ್ಷೆ ಪ್ರಕಾರ ದೇಶದ ಒಟ್ಟು ಮೌಲ್ಯವರ್ಧನೆಯಲ್ಲಿ (ಮಾರಾಟದಲ್ಲಿ ಹೊರಗಿನಿಂದ ಕೊಂಡದ್ದನ್ನು ಕಳೆದು ಉಳಿಯುವುದು) ಸೇವೆಗಳ ಪಾಲು ಶೇ 55ರ ಆಸುಪಾಸು. ದುಡಿಯುವ ಜನರಲ್ಲಿ ಅದರ ಪಾಲು ಸುಮಾರು ಶೇ 30. ಕೃಷಿಯದ್ದು ಉಲ್ಟಾ: ಶೇ 46ರಷ್ಟು ಜನ ಅಲ್ಲಿದ್ದಾರೆ, ಪಾಲು ಮಾತ್ರ ಐದರಲ್ಲಿ ಒಂದಕ್ಕಿಂತ ಕಡಿಮೆ. ನಮ್ಮ ಕರ್ನಾಟಕದಲ್ಲಂತೂ ಸೇವೆಗಳ ಪಾಲು ಮೂರರಲ್ಲಿ ಎರಡರಷ್ಟಿದೆ. ಶೇ 30 ಜನ ಸೇರಿ ಶೇ 55 ದುಡಿಯುತ್ತಾರೆ ಅಂದರೆ ಸೇವಾ ವಲಯದ ಒಬ್ಬ, ದೇಶದ ಸರಾಸರಿ ದುಡಿಮೆಗಾರನಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು ಉತ್ಪಾದಕ ಅಂತಾಯಿತು. ಲೆಕ್ಕ ತಪ್ಪಲ್ಲ. ಆದರೆ ಆ "ಒಬ್ಬ" ಅನ್ನುವವನು ಎಲ್ಲಿದ್ದಾನೆ?

ನನ್ನ ಟೇಬಲ್ ಮೇಲಿರುವ ಒಂದು ಬಿಲ್ ತೋರಿಸುತ್ತೇನೆ. ಸೆಕ್ಯುರಿಟಿ ಏಜೆನ್ಸಿಯದು. ಲೆಕ್ಕ ಸುಲಭವಾಗಲಿ ಅಂತ ಗಾರ್ಡ್ ಸಂಬಳ ತಿಂಗಳಿಗೆ 15,000 ರೂಪಾಯಿ ಅಂದುಕೊಳ್ಳಿ. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್, ಚಾರ್ಜು ಎಲ್ಲ ಸೇರಿ ಶೇ 13, ಅಂದರೆ 1,950. ಇಎಸ್‌ಐ ಶೇ 3.25, ಅಂದರೆ 487 ರೂಪಾಯಿ 50 ಪೈಸೆ. ಏಜೆನ್ಸಿಯ ಸರ್ವಿಸ್ ಚಾರ್ಜ್ ಶೇ 8 ಹಿಡಿದರೆ ಒಟ್ಟು 18,832 ರೂಪಾಯಿ 50 ಪೈಸೆ. ಜಿಎಸ್‌ಟಿ ಬೇರೆ. ಈ ಏಜೆನ್ಸಿ ಹೊರಗಿನಿಂದ ಕೊಳ್ಳುವುದು ಏನು? ಯೂನಿಫಾರ್ಮ್, ಟಾರ್ಚು, ವಿಸಿಲ್, ಒಂದು ಪುಟ್ಟ ಆಫೀಸಿನ ಬಾಡಿಗೆ. ಅದನ್ನು ಕಳೆದು ಉಳಿದದ್ದೆಲ್ಲ ಮೌಲ್ಯವರ್ಧನೆ. ಹೆಚ್ಚೂಕಡಿಮೆ ಪೂರ್ತಿ ಬಿಲ್ಲೇ. ಹಾಗಾಗಿ ಆ ಗಾರ್ಡ್‌ನ "ಉತ್ಪಾದಕತೆ" ಅಂದರೆ ಅವನ ಸಂಬಳ, ಮೇಲೊಂದು ಚೂರು. ಸರ್ಕಾರ ಕನಿಷ್ಠ ಕೂಲಿ ಏರಿಸಿದರೆ ಬಿಲ್ ಏರುತ್ತದೆ, ಮೌಲ್ಯವರ್ಧನೆಯೂ ಏರುತ್ತದೆ. ಗೇಟು ಕಾಯುವ ಕೆಲಸದಲ್ಲಿ ಏನೂ ಬದಲಾಗಿರುವುದಿಲ್ಲ. ಸಂಬಳ ಏರಬಾರದು ಅಂತ ಖಂಡಿತ ಹೇಳುತ್ತಿಲ್ಲ, ಆ ದುಡ್ಡಲ್ಲಿ ಸಂಸಾರ ನಡೆಸುವುದು ಹೇಗೆ ಅಂತ ನನಗಂತೂ ಗೊತ್ತಿಲ್ಲ.

ಇನ್ನೊಂದು ತಮಾಷೆ ಇದೆ. ಇದೇ ಗಾರ್ಡ್ ಮೊದಲು ರೈಸ್ ಮಿಲ್ಲಿನ ಹಾಜರಿ ಪುಸ್ತಕದಲ್ಲಿದ್ದ. ಆಗ ಅವನ ಸಂಬಳ ಕೈಗಾರಿಕೆಯ ಲೆಕ್ಕದಲ್ಲಿ ಹೋಗುತ್ತಿತ್ತು. ಮಿಲ್ಲಿನವರು ಪಿಎಫ್ ತಲೆನೋವೇ ಬೇಡ ಅಂತ ಅವನನ್ನು ಏಜೆನ್ಸಿಗೆ ದಾಟಿಸಿದರು. ಅವತ್ತಿನಿಂದ ಅವನು ಸೇವಾ ವಲಯ. ಅದೇ ಗೇಟು, ಅದೇ ಸ್ಟೂಲು, ಅದೇ ಮನುಷ್ಯ. ಕ್ಯಾಂಟೀನು, ಹೌಸ್‌ಕೀಪಿಂಗು, ಸಾಗಾಟ, ಕೊನೆಗೆ ನಾವು ಬರೆಯುವ ಲೆಕ್ಕ ಕೂಡ ಹೀಗೇ ಕಾರ್ಖಾನೆಯಿಂದ ಒಂದೊಂದಾಗಿ ಹೊರಗೆ ಬಂದಿದೆ. ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ ಅವರು ಈ ಬಗ್ಗೆ 1984ರಲ್ಲೇ ಬರೆದಿದ್ದರು. ಸೇವಾ ವಲಯದ ಬೆಳವಣಿಗೆಯಲ್ಲಿ ಒಂದು ಭಾಗ ಹೀಗೆ ಬರೀ ವಿಳಾಸ ಬದಲಾದದ್ದು.

ಈಗ ಇನ್ನೊಂದು ತುದಿಗೆ ಬನ್ನಿ. ಐಟಿ ಕಂಪನಿಗಳ ಸಂಘ ನಾಸ್ಕಾಂ ಲೆಕ್ಕದಲ್ಲಿ 2024-25ರಲ್ಲಿ ಐಟಿ ಉದ್ಯಮದ ಆದಾಯ ಸುಮಾರು 283 ಬಿಲಿಯನ್ ಡಾಲರ್, ಕೆಲಸಗಾರರು ಸುಮಾರು 58 ಲಕ್ಷ. ಭಾಗಿಸಿದರೆ ತಲೆಗೆ 48,700 ಡಾಲರ್ ಹತ್ತಿರ. ರೂಪಾಯಿಯಲ್ಲಿ 41 ಲಕ್ಷ. ನಮ್ಮ ಗಾರ್ಡ್‌ದು ವರ್ಷಕ್ಕೆ 2 ಲಕ್ಷ 26 ಸಾವಿರ. ಆದಾಯ ಮತ್ತು ಮೌಲ್ಯವರ್ಧನೆ ಒಂದೇ ಅಲ್ಲ, ಆದರೂ ಅಂತರ ಎಷ್ಟಿದೆ ನೋಡಿ. ಇಬ್ಬರನ್ನೂ ಒಂದೇ ಹೆಸರಿನಡಿ ಕೂಡಿಸಿ ಸರಾಸರಿ ತೆಗೆದರೆ ಬರುವ ಸಂಖ್ಯೆಯಲ್ಲಿ ಇಬ್ಬರೂ ಇರುವುದಿಲ್ಲ.

ಸರಿ, ಐಟಿಯಲ್ಲಾದರೂ ಉತ್ಪಾದಕತೆ ಏರಿದೆಯಾ? ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕಬೇಕು. 2013-14ರಲ್ಲಿ ಈ ಉದ್ಯಮದ ಆದಾಯ ಸುಮಾರು 118 ಬಿಲಿಯನ್ ಡಾಲರ್, ಜನ ಸುಮಾರು 31 ಲಕ್ಷ. ತಲೆಗೆ 38,000 ಡಾಲರ್. ಹನ್ನೊಂದು ವರ್ಷದಲ್ಲಿ 38,000 ಹೋಗಿ 48,700 ಆಗಿದೆ, ಅಂದರೆ ಶೇ 28 ಏರಿಕೆ. ಅಷ್ಟೇ ಅವಧಿಯಲ್ಲಿ ಅಮೆರಿಕದಲ್ಲಿ ಬೆಲೆಗಳೇ ಅದಕ್ಕಿಂತ ಜಾಸ್ತಿ ಏರಿವೆ. ಅಲ್ಲಿಗೆ ತಲೆವಾರು ಲೆಕ್ಕದಲ್ಲಿ ಉಳಿದದ್ದು ಏನೂ ಇಲ್ಲ. ಉದ್ಯಮ ಎರಡೂಕಾಲು ಪಟ್ಟಿಗಿಂತ ಹೆಚ್ಚು ದೊಡ್ಡದಾದದ್ದು ನಿಜ, ಅದರಲ್ಲಿ ಹೆಚ್ಚಿನದು ಬಂದದ್ದು ಜನ ಸೇರಿಸಿದ್ದರಿಂದ. ರೂಪಾಯಿಯಲ್ಲಿ ನೋಡಿದರೆ ಮಾತ್ರ ಚಿತ್ರ ಬೇರೆ, ಯಾಕೆಂದರೆ ಆಗ ಡಾಲರಿಗೆ 60 ಇತ್ತು, ಈಗ 80 ದಾಟಿ ಎಷ್ಟೋ ಕಾಲವಾಯಿತು. ನನ್ನ ಸಾಫ್ಟ್‌ವೇರ್ ಕ್ಲೈಂಟ್ ಪ್ರತಿ ಮಾರ್ಚ್‌ನಲ್ಲಿ "ಈ ವರ್ಷ ಗ್ರೋತ್ ಬಂದಿದೆ" ಅಂತ ಖುಷಿಯಾಗಿ ಬರುತ್ತಾನೆ. ಅರ್ಧ ಗ್ರೋತು ವಿನಿಮಯ ದರದ್ದು ಅಂತ ಹೇಳಿ ಅವನ ಖುಷಿ ಇಳಿಸುವ ಕೆಲಸ ನನ್ನದು.

ಯಾಕೆ ಹೀಗೆ? ಅವನು ಮಾರುವುದು ಗಂಟೆಗಳನ್ನು. ಹೊರದೇಶದ ಕಂಪನಿಗೆ ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್ ಅಂತ ಇನ್ವಾಯ್ಸ್ ಹೋಗುತ್ತದೆ. ಅವನ ಹುಡುಗರು ಜಾಣತನದಿಂದ ಎಂಟು ಗಂಟೆಯ ಟೆಸ್ಟಿಂಗ್ ಕೆಲಸ ಮೂರು ಗಂಟೆಗೆ ಇಳಿಸಿದರೆ ಬಿಲ್ ಕೂಡ ಮೂರು ಗಂಟೆಗೇ ಇಳಿಯುತ್ತದೆ. ಉತ್ಪಾದಕತೆ ಏರಿಸಿದ್ದಕ್ಕೆ ದಂಡ! ಈಗ ಎಐ ಬಂದ ಮೇಲೆ ಈ ತೊಡಕು ಎಲ್ಲರ ಕಣ್ಣಿಗೂ ಬೀಳುತ್ತಿದೆ. ಒಂದು ಕಾಂಟ್ರಾಕ್ಟನ್ನಾದರೂ ಗಂಟೆ ಲೆಕ್ಕದಿಂದ ತೆಗೆದು ಕೆಲಸದ ಲೆಕ್ಕಕ್ಕೆ ಹಾಕು ಅಂತ ಹಟ ಹಿಡಿದು ಹೇಳಿದೆ. ಹಾಕಿದ. ಆ ಕಾಂಟ್ರಾಕ್ಟಿನಲ್ಲಿ ಈಗ ಹುಡುಗರು ಬೇಗ ಮುಗಿಸಿದಷ್ಟೂ ಲಾಭ ಅವನದೇ. ಮುಂದಿನ ಸಲ ನವೀಕರಿಸುವಾಗ ಆ ಕಡೆಯವರು ದರ ಕಡಿಮೆ ಮಾಡಿ ಅನ್ನುತ್ತಾರೆ, ಅದು ಬೇರೆ ಮಾತು.

ನಮ್ಮ ವೃತ್ತಿಯಲ್ಲೂ ಅದೇ ಆಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಒಂದೊಂದು ಬಿಲ್ಲನ್ನೂ ಕೈಯಲ್ಲಿ ಟೈಪ್ ಮಾಡಿ ರಿಟರ್ನ್ ತುಂಬುತ್ತಿದ್ದೆವು. ಈಗ ಸಾಫ್ಟ್‌ವೇರ್ ತಾನೇ ಎಳೆದುಕೊಳ್ಳುತ್ತದೆ. ಅದೇ ಹುಡುಗಿ ಮೂರು ಪಟ್ಟು ಫೈಲ್ ನೋಡುತ್ತಾಳೆ. ಮೊದಮೊದಲು ಲಾಭ ನಮಗೇ ಸಿಕ್ಕಿತು. ಆಮೇಲೆ ಪಕ್ಕದ ಬೀದಿಯವರು ಫೀಸ್ ಇಳಿಸಿದರು, ನಾವೂ ಇಳಿಸಿದೆವು, ಲಾಭ ಕ್ಲೈಂಟ್‌ಗೆ ಹೋಯಿತು. ನನ್ನ ಪುಸ್ತಕದಲ್ಲಿ ಅದು ಮಾರಾಟ ಕುಸಿದಂತೆ ಕಾಣುತ್ತದೆ, ನಿಜದಲ್ಲಿ ಕೆಲಸ ಜಾಸ್ತಿಯಾಗಿದೆ.

ಕೆಲವು ಸೇವೆಗಳಲ್ಲಿ ಈ ಆಟವೂ ನಡೆಯುವುದಿಲ್ಲ. ಕಟಿಂಗ್ ಶಾಪ್ ತಗೊಳ್ಳಿ. ಮೂವತ್ತು ವರ್ಷದ ಹಿಂದೆಯೂ ಒಂದು ತಲೆಗೆ ಇಪ್ಪತ್ತು ನಿಮಿಷ, ಈಗಲೂ ಇಪ್ಪತ್ತು ನಿಮಿಷ. ದರ ಮಾತ್ರ ಏರುತ್ತಲೇ ಇದೆ. ಬೇರೆ ಕಡೆ ಕೂಲಿ ಏರಿದಾಗ ಇಲ್ಲೂ ಏರಿಸದಿದ್ದರೆ ಕತ್ತರಿ ಹಿಡಿಯುವವರು ಸಿಗುವುದಿಲ್ಲ, ಅಷ್ಟೇ ಕಾರಣ. ವಿಲಿಯಂ ಬೌಮೋಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1960ರ ದಶಕದಲ್ಲಿ ಸಂಗೀತ, ನಾಟಕದ ಲೆಕ್ಕ ನೋಡಿ ಇದನ್ನು ವಿವರಿಸಿದರು. ಸ್ಕೂಲ್ ಫೀಸು, ಆಸ್ಪತ್ರೆ ಬಿಲ್ಲು ಟಿವಿ, ಫೋನಿಗಿಂತ ಬೇಗ ಏರುವುದರಲ್ಲಿ ಇದರದ್ದೂ ಒಂದು ಕೈ ಇದೆ.

ಆದರೆ ಸೇವೆ ಅಂದರೆ ಇಷ್ಟೇ, ಬದಲಾಗುವುದೇ ಇಲ್ಲ ಅನ್ನುವವರಿಗೆ ನಾನು ದರ್ಶಿನಿ ತೋರಿಸುತ್ತೇನೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಮಾದರಿಯಲ್ಲಿ ಹೊಸ ಮಷೀನ್ ಏನಿತ್ತು? ಏನೂ ಇಲ್ಲ. ಕುರ್ಚಿ ತೆಗೆದರು. ಸಪ್ಲೈಯರ್ ತೆಗೆದರು. ಗಲ್ಲಾದಲ್ಲಿ ಮೊದಲೇ ದುಡ್ಡು ಕೊಟ್ಟು ಟೋಕನ್ ತಗೊಂಡು, ಕೌಂಟರಿನಲ್ಲಿ ಇಡ್ಲಿ ಇಸಕೊಂಡು, ನಿಂತು ತಿಂದು, ತಟ್ಟೆಯನ್ನು ಟಬ್ಬಿಗೆ ಹಾಕಿ ಹೊರಡಬೇಕು. ಮೆನು ಚಿಕ್ಕದು, ಅಡುಗೆಮನೆ ಕಣ್ಣೆದುರೇ. ಕೂತು ತಿನ್ನುವ ಹೋಟೆಲಿನಲ್ಲಿ ಒಂದು ಟೇಬಲ್ ಮುಕ್ಕಾಲು ಗಂಟೆ ಹಿಡಿದರೆ ಇಲ್ಲಿ ಹತ್ತು ನಿಮಿಷಕ್ಕೆ ಜಾಗ ಖಾಲಿ. ಕೂರುವ ಹೋಟೆಲನ್ನು ದರ್ಶಿನಿ ಮಾಡಿದ ನನ್ನ ಕ್ಲೈಂಟ್ ಒಬ್ಬರ ಪುಸ್ತಕ ನೋಡಿದ್ದೇನೆ. ಜನ ಕಡಿಮೆ, ಬಾಡಿಗೆ ಅಷ್ಟೇ, ವ್ಯಾಪಾರ ಜಾಸ್ತಿ. ಸಪ್ಲೈಯರ್ ಮಾಡುತ್ತಿದ್ದ ಕೆಲಸ ಎಲ್ಲಿ ಹೋಯಿತು ಅಂದರೆ ನಿಮ್ಮ ಕೈಗೆ ಬಂತು. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಫಾರಂ ತುಂಬುವುದು, ಬಸ್ ಟಿಕೆಟ್ ನೀವೇ ಬುಕ್ ಮಾಡುವುದು ಎಲ್ಲ ಇದೇ ದಾರಿಯವು. ಗಿರಾಕಿಗೆ ಸಂಬಳ ಇಲ್ಲ, ಅದಕ್ಕೇ ಲೆಕ್ಕ ಚೆನ್ನಾಗಿ ಕಾಣುತ್ತದೆ. ನಿಂತು ತಿನ್ನಲು ಮಂಡಿನೋವು ಇರುವವರ ಕಷ್ಟ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇಲ್ಲ, ಅಲ್ವಾ?

ಸರ್ಕಾರಿ ಸೇವೆಯ ಲೆಕ್ಕ ಇನ್ನೂ ವಿಚಿತ್ರ. ಅಲ್ಲಿ ಮಾರಾಟವೇ ಇಲ್ಲವಾದ್ದರಿಂದ ಖರ್ಚನ್ನೇ ಉತ್ಪಾದನೆ ಅಂತ ಬರೆಯುತ್ತಾರೆ, ಹೆಚ್ಚಿನ ದೇಶಗಳಲ್ಲಿ ಇದೇ ಪದ್ಧತಿ. ಮೇಷ್ಟ್ರ ಸಂಬಳವೇ ಪಾಠದ ಬೆಲೆ. ಹಾಗಾಗಿ ಕೆಲಸ ನಿಜವಾಗಿ ಸುಧಾರಿಸಿದರೂ ಅಂಕಿಅಂಶದಲ್ಲಿ ಸುಳಿವೇ ಸಿಗುವುದಿಲ್ಲ. ಪಹಣಿ ನೆನಪು ಮಾಡಿಕೊಳ್ಳಿ. ಮೊದಲು ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದುಕೊಡಬೇಕಿತ್ತು, ಅವರು ಸಿಗುವವರೆಗೆ ಓಡಾಡಬೇಕಿತ್ತು, ಕೈಬೆಚ್ಚಗೆ ಬೇರೆ ಮಾಡಬೇಕಿತ್ತು. 2000ದ ಆಸುಪಾಸು ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರಿಂಟ್ ಸಿಗತೊಡಗಿತು. ರೈತನಿಗೆ ಉಳಿದ ದಿನಗಳಿಗೆ, ಉಳಿದ ಬಸ್ ಚಾರ್ಜಿಗೆ ಜಿಡಿಪಿಯಲ್ಲಿ ಕಾಲಂ ಇಲ್ಲ. ಬಸ್ ಚಾರ್ಜು ಉಳಿಯಿತು ಅಂದರೆ ಜಿಡಿಪಿ ಸ್ವಲ್ಪ ಇಳಿಯಿತು ಅಂತಲೇ ಲೆಕ್ಕ.

ಯುಪಿಐ ಕೂಡ ಹೀಗೇ. 2016ರಲ್ಲಿ ಶುರುವಾಗಿ 2025ರ ಆಗಸ್ಟ್‌ನಲ್ಲಿ ತಿಂಗಳ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. 2020ರ ಜನವರಿಯಿಂದ, ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ದುಡ್ಡಿಗೆ ಅಂಗಡಿಯವರಿಗೆ ಅದರ ಚಾರ್ಜ್ ಸೊನ್ನೆ. ಬೆಲೆಯೇ ಇಲ್ಲದ ಸೇವೆಯನ್ನು ಬೆಲೆಯಲ್ಲಿ ಅಳೆಯುವುದು ಹೇಗೆ? ಅದೇ ಹೊತ್ತಿಗೆ, ಸ್ವಂತ ಮನೆಯಲ್ಲಿ ಇರುವವರು ತಮಗೆ ತಾವೇ ಬಾಡಿಗೆ ಕೊಟ್ಟುಕೊಳ್ಳುತ್ತಿದ್ದಾರೆ ಅಂತ ಅಂದಾಜು ಮಾಡಿ ಅದನ್ನು ಸೇವಾ ವಲಯಕ್ಕೆ ಸೇರಿಸುತ್ತಾರೆ. ಆ ಮನೆಯೊಳಗೆ ಅಡುಗೆ ಮಾಡುವ ಹೆಂಗಸಿನ ದುಡಿಮೆ ಮಾತ್ರ ಸೇರಿಸುವುದಿಲ್ಲ. ಗೋಡೆಗೆ ಸಿಕ್ಕ ಮರ್ಯಾದೆ ಒಲೆ ಮುಂದೆ ನಿಂತವಳಿಗಿಲ್ಲ.

ಈ ಅಳತೆಯ ತೊಡಕುಗಳಲ್ಲಿ ನನ್ನ ಕ್ಲೈಂಟ್‌ಗಳಿಗೆ ಆಸಕ್ತಿ ಇಲ್ಲ, ಇರಬೇಕಾಗಿಯೂ ಇಲ್ಲ. ಅವರಿಗೆ ನಾನು ಕೊಡುವುದು ಒಂದೇ ಲೆಕ್ಕ. ವರ್ಷದ ಮಾರಾಟದಲ್ಲಿ ಹೊರಗಿನಿಂದ ಕೊಂಡದ್ದನ್ನು ಕಳೆಯಿರಿ, ಉಳಿದದ್ದನ್ನು ದುಡಿದವರ ಸಂಖ್ಯೆಯಿಂದ ಭಾಗಿಸಿ. ಸಂಬಳ ಇಲ್ಲದೆ ಗಲ್ಲಾದಲ್ಲಿ ಕೂರುವ ಹೆಂಡತಿಯನ್ನೂ, ಕಾಲೇಜು ಮುಗಿಸಿ ಬಂದು ಬಿಲ್ ಹಾಕುವ ಮಗನನ್ನೂ ಸೇರಿಸಿ. ನಿಮ್ಮ ದರ ಏರಿಕೆಯನ್ನು ತೆಗೆದು ಹೋದ ವರ್ಷದ ಜೊತೆ ಹೋಲಿಸಿ. ಬಹಳ ಜನರಿಗೆ ಈ ಸಂಖ್ಯೆ ನಾಲ್ಕೈದು ವರ್ಷದಿಂದ ಅಲ್ಲಾಡಿಯೇ ಇಲ್ಲ ಅಂತ ಆಗಲೇ ಗೊತ್ತಾಗುವುದು.

ಅಲ್ಲಾಡದಿರಲು ಒಂದು ದೊಡ್ಡ ಕಾರಣ ಚಿಕ್ಕವರಾಗಿಯೇ ಉಳಿಯುವ ಆಸೆ. ಸೇವೆ ಕೊಡುವವರು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸರಕು ಮಾರುವವರಿಗೆ 40 ಲಕ್ಷ. ನನ್ನ ಪಾರ್ಲರ್ ಕ್ಲೈಂಟ್ 19 ಲಕ್ಷ 80 ಸಾವಿರದಲ್ಲಿ ನಿಂತುಬಿಟ್ಟಿದ್ದಾರೆ. ಫೆಬ್ರವರಿ ಬಂದರೆ "ಸರ್, ಮಾರ್ಚ್‌ನಲ್ಲಿ ಹತ್ತು ದಿನ ಬಾಗಿಲು ಹಾಕಲಾ?" ಅಂತ ಫೋನ್ ಮಾಡುತ್ತಾರೆ. ಇಲ್ಲವೇ ತಂಗಿ ಹೆಸರಲ್ಲಿ ಇನ್ನೊಂದು ತೆಗೆಯುವ ಯೋಚನೆ. ಅದು ಬೇಡ, ಇಲಾಖೆಯವರು ಎರಡನ್ನೂ ಒಂದೇ ಅಂತ ಹಿಡಿದರೆ ಬಡ್ಡಿ ದಂಡ ಸೇರಿ ಕಟ್ಟಬೇಕಾಗುತ್ತದೆ ಅಂತ ಹೇಳಿದ್ದೇನೆ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಹೋದಾಗ ಬೆಂಗಳೂರಿನಲ್ಲಿ "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡುಗಳು ಎದ್ದವಲ್ಲ, ಆ ಸುದ್ದಿ ಇವರ ತಲೆಯಿಂದ ಇನ್ನೂ ಹೋಗಿಲ್ಲ.

ಲೆಕ್ಕ ಮಾತ್ರ ಈಗ ಬದಲಾಗಿದೆ. ಪಾರ್ಲರ್, ಸಲೂನ್‌ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರ ಬದಲು ಶೇ 5, ಇನ್‌ಪುಟ್ ಕ್ರೆಡಿಟ್ ಇಲ್ಲದೆ, ಅಂದರೆ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆಯುವಂತಿಲ್ಲ. ಮೊದಲು ಅದೇ 19 ಲಕ್ಷ 80 ಸಾವಿರ ಕೈಯಲ್ಲಿ ಉಳಿಸಿಕೊಳ್ಳಲು ಗಿರಾಕಿಗಳಿಂದ 23 ಲಕ್ಷದ 36 ಸಾವಿರ ವಸೂಲಾಗಬೇಕಿತ್ತು. ಈಗ 20 ಲಕ್ಷದ 79 ಸಾವಿರ ಸಾಕು. ಸಣ್ಣವರಿಗೆ ಸುಲಭವಾಗಲಿ ಅಂತ ಇಟ್ಟಿರುವ ಕಾಂಪೋಸಿಷನ್ ಸ್ಕೀಮಿನಲ್ಲಿ ಸೇವೆಗೆ ಶೇ 6, ಅಂದರೆ ಪಾರ್ಲರಿನ ಮಾಮೂಲಿ ದರಕ್ಕಿಂತ ಜಾಸ್ತಿ. ಇಂಥದ್ದು ನಮ್ಮಲ್ಲಿ ಮಾತ್ರ ಸಾಧ್ಯ. ಹೆಚ್ಚುವರಿ 99 ಸಾವಿರ ಅಂದರೆ ತಿಂಗಳಿಗೆ 8,250 ರೂಪಾಯಿ. ಮೂರನೇ ಕುರ್ಚಿ ಹಾಕಿ, ಕೆಲಸ ಕಲಿತ ಒಬ್ಬ ಹುಡುಗಿಯನ್ನು ಇಟ್ಟುಕೊಂಡರೆ ಮದುವೆ ಸೀಸನ್ನಿನ ಒಂದು ವಾರದಲ್ಲೇ ಅಷ್ಟು ಬರುತ್ತದೆ. ಕುರ್ಚಿಯ ಕೊಟೇಶನ್ ತರಿಸಿಕೊಂಡಿದ್ದಾರೆ. ಇನ್ನೂ ಆರ್ಡರ್ ಕೊಟ್ಟಿಲ್ಲ, "ಏಪ್ರಿಲ್ ಬರಲಿ ಸರ್" ಅಂತಿದ್ದಾರೆ.