ಓದುಗರ ಪ್ರಶ್ನೆ: ಮಳೆ ಬಂದಾಗ ಮಾತ್ರ ಮ್ಯಾನ್‌ಹೋಲ್ ಉಕ್ಕುವುದು ಯಾಕೆ?

ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ: "ಜೋರು ಮಳೆ ಬಂದರೆ ಸಾಕು, ನಮ್ಮ ಬೀದಿಯ ಮ್ಯಾನ್‌ಹೋಲ್ ಉಕ್ಕಿ ಗಲೀಜು ನೀರು ಗೇಟಿನ ತನಕ ಬರುತ್ತದೆ. ಮಳೆ ನೀರಿಗೂ ಯುಜಿಡಿಗೂ (ಒಳಚರಂಡಿಗೂ) ಏನು ಸಂಬಂಧ?"

ಸಂಬಂಧ ಇರಲೇಬಾರದು. ನಮ್ಮೂರಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ. ಬಚ್ಚಲು, ಕಕ್ಕಸು, ಅಡುಗೆಮನೆಯ ನೀರು ಯುಜಿಡಿ ಪೈಪಿನಲ್ಲಿ ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆಯ ಶುದ್ಧೀಕರಣ ಘಟಕಗಳಿಗೆ ಹೋಗಬೇಕು. ಮಳೆ ನೀರು ಮೋರಿಗೆ, ಅಲ್ಲಿಂದ ರಾಜಕಾಲುವೆಗೆ, ಆಮೇಲೆ ಕೆರೆಗೆ. ಈ ಎರಡನೇ ದಾರಿಯಲ್ಲಿ ನೀರನ್ನು ಯಾರೂ ಶುದ್ಧ ಮಾಡುವುದಿಲ್ಲ.

ತೊಂದರೆ ಶುರುವಾಗುವುದು ತಾರಸಿಯಲ್ಲಿ. ಮನೆ ಕಟ್ಟುವಾಗ ಹತ್ತಿರ ಇದೆಯಲ್ಲ ಅಂತ ತಾರಸಿ ಪೈಪನ್ನು ಸುಮ್ನೆ ಯುಜಿಡಿ ಛೇಂಬರಿಗೆ ಸೇರಿಸಿಬಿಡುತ್ತಾರೆ, ಎಷ್ಟೋ ಸಲ ಮನೆಯವರಿಗೆ ಗೊತ್ತೇ ಇರುವುದಿಲ್ಲ. 30x40 ಅಡಿಯ ತಾರಸಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ನಾಲ್ಕು ಜನರ ಮನೆಯಿಂದ ಇಡೀ ದಿನ ಹೊರಗೆ ಹೋಗುವುದು 500 ಲೀಟರಿನ ಆಸುಪಾಸು. ಹತ್ತು ದಿನದ ನೀರು ಒಂದೇ ಗಂಟೆಯಲ್ಲಿ ನುಗ್ಗಿದರೆ ಆ ಪೈಪು ಎಲ್ಲಿ ತಡೆಯುತ್ತದೆ? ನಮ್ಮ ಬೀದಿಯಲ್ಲೇ ನೋಡಿದ್ದೇನೆ: ಮೊದಲು ಮುಚ್ಚಳ ಟಕಟಕ ಅಂತ ಅಲುಗಾಡುತ್ತದೆ, ಅಂಚಿನಲ್ಲಿ ಗುಳ್ಳೆ ಏಳುತ್ತದೆ, ಆಮೇಲೆ ಶಾಂಪೂ ಪೌಚು, ಸೊಪ್ಪಿನ ದಂಟು ಎಲ್ಲ ಮೇಲೆ ಬರುತ್ತದೆ. ತಪ್ಪು ಮೇಲಿನ ಮನೆಗಳದ್ದು, ಪೆಟ್ಟು ತಗ್ಗಿನಲ್ಲಿರುವವರಿಗೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಉಕ್ಕಿದ ಗಲೀಜು ಮೋರಿಗೆ ಇಳಿದು ಸೀದಾ ಕೆರೆ ಸೇರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆಗೆ ಬರುವುದೂ ಬಡಾವಣೆಗಳ ಮೇಲೆ ಬಿದ್ದ ಮಳೆಯೇ ಅಲ್ವಾ? ದಕ್ಷಿಣದ ಇಳಿಜಾರಿನ ನೀರು ದಳವಾಯಿ ಕೆರೆ ದಾಟಿ ಕಬಿನಿಗೆ ಹೋಗುತ್ತದೆ, ಕೆಸರೆ ಕಡೆಯದ್ದು ಕಾವೇರಿಗೆ. ಕೆಳಗಿನ ಊರುಗಳ ಜನ, ದನಕರು ಬಳಸುವುದು ಅದೇ ಹೊಳೆ ನೀರನ್ನು.

ನಿಮ್ಮ ಮನೆಯದ್ದನ್ನು ಈ ಭಾನುವಾರವೇ ನೋಡಿಬಿಡಿ. ಒಂದು ಬಕೆಟ್ ನೀರಿಗೆ ಅರಿಶಿನ ಕಲಸಿ ತಾರಸಿ ಪೈಪಿಗೆ ಸುರಿಯಿರಿ, ಕಾಂಪೌಂಡ್ ಒಳಗಿನ ಛೇಂಬರಿನಲ್ಲಿ ಹಳದಿ ಕಂಡರೆ ಪೈಪು ತಪ್ಪು ಜಾಗಕ್ಕೆ ಸೇರಿದೆ. ಪ್ಲಂಬರ್ ಕರೆಸಿ ಮೋರಿಗೆ ತಿರುಗಿಸಿ. ಜಾಗ ಇದ್ದರೆ ಇಂಗುಗುಂಡಿಗೆ ಬಿಡಿ, ಅದು ಇನ್ನೂ ಒಳ್ಳೆಯದು. ಆಮೇಲೆ ಅಕ್ಕಪಕ್ಕದವರ ಹತ್ತಿರವೂ ಮಾತಾಡಿ, ಒಂದೇ ಮನೆ ಸರಿಯಾದರೆ ಬೀದಿ ಸರಿಹೋಗುವುದಿಲ್ಲ.

ರಸ್ತೆಯಲ್ಲಿ ನೀರು ನಿಂತಿದೆ ಅಂತ ಮ್ಯಾನ್‌ಹೋಲ್ ಮುಚ್ಚಳ ಮಾತ್ರ ತೆಗೆಯಬೇಡಿ. ಪೈಪು ಇನ್ನೂ ಜಾಸ್ತಿ ತುಂಬುತ್ತದೆ, ಕೆಂಪು ನೀರಿನಡಿ ಬಾಯಿ ತೆರೆದಿರುವುದು ನಡೆದು ಬರುವವರಿಗೆ ಕಾಣುವುದೇ ಇಲ್ಲ.